ವಡೋದರಾದಲ್ಲಿ ಐದನೆಯ ಬೇಡಿಕೆ

ಏಪ್ರಿಲ್ ಎರಡನೆಯ ವಾರದ ಗುರುವಾರ ಹುಬ್ಬಳ್ಳಿಯಲ್ಲಿ ಗುಜರಾತಿನ ರೈಲು ಹತ್ತಿದಾಗ ನನ್ನ ಚೀಲದಲ್ಲಿ ನಾಲ್ಕು ಸೀರೆ, ಇಪ್ಪತ್ತು ಕಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ ಮತ್ತು ಇಪ್ಪತ್ತೆರಡು ಪುಟಗಳ ಒಂದು ಭಾಷಣವಿತ್ತು. ಮಗಳು ಕೆಳಗಿನ ಬರ್ತ್ ಹಿಡಿದುಕೊಟ್ಟಿದ್ದಳು. "ಅವ್ವಾ, ಇಪ್ಪತ್ತೆರಡು ಪುಟ ಓದಿದ್ರ ಮಂದಿ ಎದ್ದು ಹೋಗ್ತಾರ ನೋಡು" ಎಂದು ಪ್ಲಾಟ್‌ಫಾರ್ಮಿನಲ್ಲಿ ನಿಂತೇ ಎಚ್ಚರಿಸಿದಳು. ಬೆಟಗೇರಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಗಂಟೆ ಹೊಡೆಯುವವರೆಗೆ ಯಾರನ್ನೂ ಎದ್ದು ಹೋಗಲು ಬಿಟ್ಟವಳಲ್ಲ.

ಕರೆದವಳು ಕರುಣಾ, ನನ್ನ ಹಳೆಯ ವಿದ್ಯಾರ್ಥಿನಿ. ಗಂಡನ ಬ್ಯಾಂಕಿನ ವರ್ಗಾವಣೆಯ ಮೇಲೆ ಸೂರತ್‌ನಲ್ಲಿದ್ದಾಳೆ. ಸೂರತ್, ವಡೋದರಾ, ಅಹಮದಾಬಾದ್ ಈ ಮೂರೂ ಊರುಗಳಲ್ಲಿ ಕನ್ನಡದ ಕ್ರೈಸ್ತ ಮನೆಗಳು ಬೆರಳೆಣಿಕೆಯಷ್ಟಿವೆ. ಅವು ವಾರಕ್ಕೊಮ್ಮೆ ಯಾರದಾದರೂ ಮನೆಯಲ್ಲೋ ಬಾಡಿಗೆ ಕೋಣೆಯಲ್ಲೋ ಸೇರಿ ಪ್ರಾರ್ಥನೆ ಮಾಡುತ್ತವೆ. ಅಲ್ಲಿ ನಾನು ಯೇಸು ಕಲಿಸಿದ ಪ್ರಾರ್ಥನೆಯ ಬಗ್ಗೆ, ಅದು ಇವತ್ತಿನ ಜಗತ್ತಿನ ಸಮಸ್ಯೆಗಳಿಗೆ ಏನು ಹೇಳುತ್ತದೆ ಎಂಬುದರ ಬಗ್ಗೆ ಮಾತಾಡಬೇಕಿತ್ತು. ಮಾತು ಬಂದ ಕೂಸಿಗೂ ನಮ್ಮಲ್ಲಿ ಬರುವ ಪ್ರಾರ್ಥನೆ ಅದು. ತಂದೆಯ ಹೆಸರು ಪವಿತ್ರವಾಗಲಿ, ಆತನ ರಾಜ್ಯ ಬರಲಿ, ಆತನ ಚಿತ್ತ ಮೇಲಿನಂತೆ ಭೂಮಿಯಲ್ಲೂ ನಡೆಯಲಿ, ಈ ದಿನದ ಅನ್ನ ಈ ದಿನ ಸಿಗಲಿ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ನಮ್ಮ ತಪ್ಪನ್ನೂ ಕ್ಷಮಿಸು, ಶೋಧನೆಗೆ ಒಡ್ಡಬೇಡ, ಕೇಡಿನಿಂದ ಪಾರುಮಾಡು, ಇಷ್ಟೇ. ಇದಕ್ಕೆ ನಾನು ಹಸಿವು, ಯುದ್ಧ, ಕಾದ ಭೂಮಿ, ಸುಳ್ಳು ಸುದ್ದಿ ಎಲ್ಲವನ್ನೂ ಪಾಠಯೋಜನೆಯ ಹಾಗೆ ಹೊಂದಿಸಿ ಬರೆದಿದ್ದೆ.

ಮೂರು ಊರಿಗೆ ಕರೆದರೂ ನಾನು ಒಪ್ಪಿದ್ದು ಎರಡಕ್ಕೆ. "ವಡೋದರಾ ಬ್ಯಾಡವ್ವಾ, ಬಿಸಲು ತಡಿಯೂದಿಲ್ಲ" ಎಂದು ಕರುಣಾಗೆ ನೆಪ ಹೇಳಿದೆ. ಸೂರತ್, ಅಹಮದಾಬಾದಿನಲ್ಲೇನು ಹಿಮ ಬೀಳುತ್ತದೆಯೇ! ಅವಳು ಒಳ್ಳೆಯ ಹುಡುಗಿ, ತಿರುಗಿ ಕೇಳಲಿಲ್ಲ.

ನಿಜ ಸಂಗತಿಯನ್ನು ಓದುಗರಿಗೆ ಮೊದಲೇ ಹೇಳಿಬಿಡುತ್ತೇನೆ. ಹತ್ತೊಂಬತ್ತು ವರ್ಷದ ಹಿಂದೆ ನಾವು ವಡೋದರಾದಲ್ಲೇ ಇದ್ದೆವು. ನಮ್ಮ ಮನೆಯವರು ಮಕರಪುರದ ಒಂದು ವಿದ್ಯುತ್ ಉಪಕರಣಗಳ ಕಾರ್ಖಾನೆಯಲ್ಲಿ ದುರಸ್ತಿ ವಿಭಾಗದ ಮೇಲ್ವಿಚಾರಕರು. ನಮ್ಮ ಓಣಿಯ ಹುಡುಗ ಪ್ರಭಾಕರನಿಗೂ ಅಲ್ಲೇ ಎಲೆಕ್ಟ್ರಿಶಿಯನ್ ಕೆಲಸ ಕೊಡಿಸಿದ್ದರು. ಅವನು ಭಾನುವಾರ ನನ್ನ ಕೈಯ ರೊಟ್ಟಿ ಉಂಡು ಬೆಳೆದವನು. ಆ ಕೆಲಸದಲ್ಲಿ ಒಂದು ಕಟ್ಟಳೆ ಇದೆ: ಯಂತ್ರದೊಳಗೆ ರಿಪೇರಿಗೆ ಇಳಿಯುವವನು ಮೇನ್ ಸ್ವಿಚ್ಚಿಗೆ ತನ್ನ ಹೆಸರಿನ ಕೆಂಪು ಬಿಲ್ಲೆ ನೇತುಹಾಕಬೇಕು, ಅದನ್ನು ಅವನೇ ಬಂದು ತೆಗೆಯಬೇಕು. ಆ ದಿನ ಬುಧವಾರ. ಬುಧವಾರ ಸಂಜೆ ಆರಕ್ಕೆ ಫತೇಗಂಜ್‌ನಲ್ಲಿ ಕನ್ನಡ ಪ್ರಾರ್ಥನೆ. ನಮ್ಮವರು ಒಂದು ಬುಧವಾರವನ್ನೂ ತಪ್ಪಿಸಿದವರಲ್ಲ. ಅದೇ ಕೂಟದವನಾದ ಪ್ರಭಾಕರನಿಗೆ ಇದು ಚೆನ್ನಾಗಿ ಗೊತ್ತಿತ್ತು. ಗಂಟೆ ಆರು ದಾಟಿತ್ತು. ಅಣ್ಣ ಪ್ರಾರ್ಥನೆಗೆ ಹೋಗಿದ್ದಾರೆ, ಅವಸರದಲ್ಲಿ ಬಿಲ್ಲೆ ಮರೆತಿದ್ದಾರೆ ಎಂದುಕೊಂಡ. ಬಿಲ್ಲೆ ತೆಗೆದು ಸ್ವಿಚ್ ಹಾಕಿದ. ರಾತ್ರಿ ಪಾಳಿಯವರಿಗೆ ತೊಂದರೆ ಬೇಡವೆಂದು ಕೆಲಸ ಮುಗಿಸಲು ನಮ್ಮವರು ಒಳಗೇ ಉಳಿದಿದ್ದರು.

ಬೇರೆ ಜಾತಿಯ, ಬೇರೆ ಊರಿನ ಯಾವನೇ ಆಗಿದ್ದರೂ ಒಂದು ಸಲ ಕೂಗಿ ನೋಡಿರುತ್ತಿದ್ದ. ನಮ್ಮ ಭಕ್ತಿಯನ್ನು ಬಲ್ಲವನಾಗಿದ್ದರಿಂದಲೇ ಪ್ರಭಾಕರ ಕೂಗಲಿಲ್ಲ. ನಮ್ಮವರನ್ನು ಮಣ್ಣು ಮಾಡಿದ ಮೂರನೆಯ ದಿನ ಬಂದು ಹೊಸ್ತಿಲಲ್ಲಿ ಬಿದ್ದು ಅತ್ತ. ನಾನು ಬಾಗಿಲು ಹಾಕಿಕೊಂಡೆ, ಮಗಳನ್ನು ಕರೆದುಕೊಂಡು ಬೆಟಗೇರಿಗೆ ಬಂದುಬಿಟ್ಟೆ. ಅಂದಿನಿಂದ ಚರ್ಚಿನಲ್ಲಿ ಎಲ್ಲರೂ ಆ ಪ್ರಾರ್ಥನೆ ಹೇಳುವಾಗ ಕ್ಷಮೆಯ ಸಾಲು ಬಂದರೆ ನನ್ನ ಬಾಯಿ ಮುಚ್ಚುತ್ತದೆ, ಮುಂದಿನ ಸಾಲಿಗೆ ತೆರೆಯುತ್ತದೆ. ಪಕ್ಕದವರಿಗೂ ಗೊತ್ತಾಗದಷ್ಟು ರೂಢಿಯಾಗಿದೆ. ಇಪ್ಪತ್ತೆರಡು ಪುಟದಲ್ಲೂ ಆ ಸಾಲಿನ ಬಗ್ಗೆ ಒಂದಕ್ಷರ ಇರಲಿಲ್ಲ.

ಶುಕ್ರವಾರ ಸೂರತ್‌ನಲ್ಲಿ ಇಳಿದಾಗ ಸೆಕೆ ಎಂದರೆ ಸೆಕೆ, ಸೀರೆ ಮೈಗೆ ಅಂಟಿತು. ಅಡಾಜಣದವರೆಗೆ ಆಟೋದವನು ನೂರಾ ಐವತ್ತು ಕೇಳಿದ, ನೂರಾ ಇಪ್ಪತ್ತಕ್ಕೆ ಬಂದ. ತಾಪಿ ನದಿಯ ಸೇತುವೆ ದಾಟುವಾಗ ಮಾತ್ರ ಸ್ವಲ್ಪ ಗಾಳಿ. ಕರುಣಾ ಮಾವಿನ ರಸ ಮತ್ತು ಪೂರಿ ಮಾಡಿಟ್ಟಿದ್ದಳು. ಗುಜರಾತಿನಲ್ಲಿ ಬೇಸಿಗೆ ಬಂತೆಂದರೆ ಜನ ಅದನ್ನು ಬಟ್ಟಲುಗಟ್ಟಲೆ ಕುಡಿಯುತ್ತಾರೆ. ನಾನೂ ಹಿಂದೆ ಬೀಳಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಚಪಾತಿಗೆ ಹಿಟ್ಟು ಸುರಿದುಕೊಂಡು, ನೀರು ಹಾಕುವ ಮೊದಲು ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕಿದಳು. ನನಗೆ ನೋಡಿದ ಕೂಡಲೇ ನಮ್ಮವ್ವನ ಅಡುಗೆಮನೆ ಕಣ್ಣಿಗೆ ಕಟ್ಟಿತು. ಉಣ್ಣುವ ಬಾಯಿಗೆ ಮೊದಲು ಉಪವಾಸದ ಬಾಯಿಗೆ ಒಂದು ಹಿಡಿ ಎಂದು ಬೆಟಗೇರಿಯ ನಮ್ಮ ಚರ್ಚಿನ ಹೆಂಗಸರೆಲ್ಲ ಹಿಂದೆ ಹೀಗೇ ಮಾಡುತ್ತಿದ್ದರು. ಈಗ ಅಂಗಡಿಯಿಂದ ರೊಟ್ಟಿ ತರುವ ಕಾಲ, ಹಿಡಿ ಹಿಟ್ಟು ಎಲ್ಲಿಂದ ಬರಬೇಕು?

"ಇದನ್ನ ನಿನಗ ಯಾರು ಹೇಳಿಕೊಟ್ರು?" ಎಂದೆ.

"ನೀವ ಟೀಚರ್! ಎಂಟನೇ ಇಯತ್ತೆದಾಗ ಒಂದು ದಿನ ಕ್ಲಾಸಿನ್ಯಾಗ ಹೇಳಿದ್ರಿ. ಮರತ್ರೇನು?"

ಮರೆತಿದ್ದೆ, ಸುಳ್ಳೇಕೆ ಹೇಳಲಿ. ಹತ್ತು ಗಂಟೆಗೆ ಅವಳ ಮನೆಗೆ ಹನ್ನೊಂದು ಹೆಂಗಸರು ಬಂದರು. ಮೂವರು ನಮ್ಮವರು, ಉಳಿದವರು ರೈಲ್ವೆ, ವಿಮೆಯ ಕೆಲಸಕ್ಕೆ ಬಂದ ವಿಜಯಪುರ, ಕಲಬುರಗಿ ಕಡೆಯ ಹಿಂದೂ ಮನೆಯವರು. ಎಲ್ಲರ ಕೈಯಲ್ಲೂ ಡಬ್ಬಿ. ನೆಲಕ್ಕೆ ಹಾಸಿದ ಬಿಳಿ ಧೋತರದ ಮೇಲೆ ಒಬ್ಬೊಬ್ಬರಾಗಿ ಸುರಿದರು: ಜೋಳ, ಗೋಧಿ, ಸಜ್ಜೆ, ಕಡಲೆ, ಒಂದಿಷ್ಟು ಅಕ್ಕಿಹಿಟ್ಟು. ಒಂದು ವಾರದ ಹಿಡಿಗಳು ಸೇರಿ ಒಂದು ಗೇಣೆತ್ತರ ಗುಡ್ಡೆಯಾಯಿತು. ಯಾವ ಹಿಟ್ಟು ಯಾರ ಮನೆಯದು ಎಂದು ಹೇಳುವಂತಿರಲಿಲ್ಲ. ಅದಕ್ಕೆ ಉಳ್ಳಾಗಡ್ಡಿ, ಖಾರ, ಎಳ್ಳು ಕಲಸಿ ಮಧ್ಯಾಹ್ನದವರೆಗೆ ದಪಾಟಿ ತಟ್ಟಿದೆವು. ನಾನೂ ಸೆರಗು ಕಟ್ಟಿ ಕೂತೆ.

ದಪಾಟಿಗಳನ್ನು ಒಯ್ದದ್ದು ಮಗ್ಗದ ಕಾರ್ಮಿಕರು ಇರುವ ಒಂದು ಗಲ್ಲಿಗೆ. ಒಂದೇ ಕೋಣೆ, ಹಗಲು ಪಾಳಿಯವರು ಎದ್ದ ಹಾಸಿಗೆಯಲ್ಲಿ ರಾತ್ರಿ ಪಾಳಿಯವರು ಬಂದು ಮಲಗುತ್ತಾರೆ. ಹೊರಗೆ ನಿಂತರೆ ಮಗ್ಗದ ಸದ್ದು ಪಾದದಿಂದ ಮೇಲೆ ಹತ್ತುತ್ತದೆ. ಒಡಿಶಾದ ಒಬ್ಬ ಮುದುಕ ದಪಾಟಿ ಮುರಿದು ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದ. "ಏನಪಾ, ಖಾರ ಆತೇನು?" ಎಂದು ನಾನು ಕನ್ನಡದಲ್ಲೇ ಕೇಳಿದೆ. ಅವನು ಒಡಿಯಾದಲ್ಲೇ ಏನೋ ಹೇಳಿ ಇನ್ನೊಂದಕ್ಕೆ ಕೈ ಚಾಚಿದ. ನನ್ನ ಭಾಷಣದ ಐದು ಪುಟ ಲೋಕದ ಹಸಿವಿನ ಬಗ್ಗೆ ಇತ್ತು. ಸಂಜೆ ಅದನ್ನು ಈ ಹೆಂಗಸರ ಮುಂದೆ ಓದಲು ನಿಜಕ್ಕೂ ನಾಚಿಕೆಯಾಯಿತು. ಎರಡು ಪುಟಕ್ಕೆ ನಿಲ್ಲಿಸಿದೆ.

ಭಾನುವಾರ ಸೂರತ್‌ನಲ್ಲೇ ಕಳೆದು ಸೋಮವಾರ ಬೆಳಿಗ್ಗೆ ಅಹಮದಾಬಾದಿಗೆ ಹೊರಟೆ. ದಾರಿಯಲ್ಲಿ ವಡೋದರಾ ಬರುತ್ತದೆ, ಬರದೆ ಏನು ಮಾಡುತ್ತದೆ! ಎದುರಿನ ಸೀಟಿನ ಗುಜರಾತಿ ಹೆಂಗಸು ತಿನ್ನಲು ಥೇಪ್ಲಾ ಕೊಟ್ಟು ಏನೇನೋ ವಿಚಾರಿಸುತ್ತಿದ್ದಳು. ನಾನು ತಲೆನೋವೆಂದು ಸೆರಗು ಮುಖಕ್ಕೆ ಎಳೆದುಕೊಂಡೆ. ರೈಲು ಅಲ್ಲಿ ನಿಂತದ್ದು ಐದು ನಿಮಿಷವಿರಬೇಕು, ನನಗೆ ಒಂದು ಪೀರಿಯಡ್ಡಿನಷ್ಟಾಯಿತು.

ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ, ವಿಮೆ ಕಚೇರಿಯ ಡೇವಿಡ್ ಎಂಬವರ ಏಳನೆಯ ಮಹಡಿಯ ಮನೆಯಲ್ಲಿ ಇಳಿದುಕೊಂಡೆ. ಡೇವಿಡ್ ಮೂಲತಃ ಹುಬ್ಬಳ್ಳಿಯವರು. ಸಂಜೆ ಕೂಟಕ್ಕೆ ಹದಿನೈದು ಜನ. ಮಕ್ಕಳು ಪ್ರಾರ್ಥನೆಯನ್ನು ಇಂಗ್ಲಿಷಿನಲ್ಲಿ ಹೇಳಿದವು. ಕನ್ನಡದಲ್ಲಿ ಹೇಳಿ ಎಂದರೆ ಒಂದರ ಮುಖ ಒಂದು ನೋಡಿದವು. ಪಕ್ಕದ ಮನೆಯ ಗುರುರಾಜ ಕೂಡ ಬಂದಿದ್ದರು. ಮೈಸೂರಿನ ಬ್ರಾಹ್ಮಣರು, ಬಾಹ್ಯಾಕಾಶ ಸಂಶೋಧನೆಯಲ್ಲಿ ವಿಜ್ಞಾನಿ. ಕನ್ನಡದಲ್ಲಿ ಯಾರು ಮಾತಾಡಿದರೂ ಹೋಗಿ ಕೂರುವುದು ಅವರ ಅಭ್ಯಾಸವಂತೆ. ಡೇವಿಡ್ ಕೊಟ್ಟ ಪ್ರಾರ್ಥನೆಯ ಹಾಳೆಯನ್ನು ಕೈಯಲ್ಲಿ ಹಿಡಿದು ಒಂದು ಗಂಟೆ ಅಲ್ಲಾಡದೆ ಕೇಳಿದರು. ಎಲ್ಲ ಮುಗಿದು ಮಜ್ಜಿಗೆ ಕುಡಿಯುವಾಗ ಹತ್ತಿರ ಬಂದರು.

"ಮೇಡಂ, ತುಂಬಾ ಚೆನ್ನಾಗಿ ಹೇಳಿದ್ರಿ. ಒಂದೇ ಒಂದು ಡೌಟು. ಇದರಲ್ಲಿ ಏಳು ಬೇಡಿಕೆ ಇದೆ, ನಾನು ಎಣಿಸ್ಕೊಂಡೆ. ನೀವು ಆರರ ಬಗ್ಗೆ ಮಾತಾಡಿದ್ರಿ. ಐದನೇದು ಬಿಟ್ಟೋಯ್ತಾ?"

"ಟೈಮ್ ಸಾಲಲಿಲ್ರಿ" ಎಂದೆ.

"ಹಾಗಾ? ನನಗೆ ಅದೇ ತುಂಬಾ ವಿಶೇಷ ಅನ್ನಿಸ್ತು. ಬಾಕಿ ಆರೂ ದೇವರು ಮಾಡಬೇಕಾದ್ದು. ಅದೊಂದರಲ್ಲಿ ಮಾತ್ರ ನಾವೂ ಏನೋ ಮಾಡಿದೀವಿ ಅಂತ ಒಪ್ಕೊಂಡು ಕೇಳಬೇಕು, ಅಲ್ವಾ?"

ಹುಟ್ಟಿದಾಗಿನಿಂದ ಆ ಪ್ರಾರ್ಥನೆ ಹೇಳಿದವಳು ನಾನು. ಪಕ್ಕದಲ್ಲಿ ನಿಂತು ಹಾಡಿದ ಒಬ್ಬರಿಗೂ ಸಿಗದೆ ಹತ್ತೊಂಬತ್ತು ವರ್ಷ ತಪ್ಪಿಸಿಕೊಂಡವಳನ್ನು ಮೊದಲ ಸಲ ಅದನ್ನು ಓದಿದ ಮನುಷ್ಯ ಎಣಿಸಿ ಹಿಡಿದುಬಿಟ್ಟಿದ್ದರು. ಸಿಟ್ಟೂ ಬಂತು, ಭಯವೂ ಆಯಿತು. ಮಜ್ಜಿಗೆ ಲೋಟ ಕೆಳಗಿಟ್ಟು ಒಳಗೆ ಹೋದೆ.

ಮಂಗಳವಾರ ಗುರುರಾಜ ಅರ್ಧ ದಿನ ರಜೆ ಹಾಕಿ, "ನೀವು ಭೂಮಿ ಕಾಯೋದರ ಬಗ್ಗೆ ಹೇಳಿದ್ರಲ್ಲ, ಬನ್ನಿ, ಒಂದು ತೋರಿಸ್ತೀನಿ" ಎಂದರು. ಮೊದಲು ಕಂಪ್ಯೂಟರಿನಲ್ಲಿ ಒಂದು ಚಿತ್ರ ತೆರೆದರು. ಆಕಾಶದಿಂದ ತೆಗೆದ ಅಹಮದಾಬಾದು. ಸಾಬರಮತಿ ಒಂದು ನೀಲಿ ಗೆರೆ. ಅಲ್ಲಲ್ಲಿ ಕಡುಕೆಂಪು ಕಲೆಗಳು. "ಇದು ಬಿಸಿ ಮೇಡಂ. ಕೆಂಪಾಗಿದೆಯಲ್ಲ, ಅಲ್ಲೆಲ್ಲ ತಗಡಿನ ಛಾವಣಿ. ನಮ್ಮ ಏರಿಯಾ ನೋಡಿ, ಮರ ಇದೆ, ಅಷ್ಟು ಕೆಂಪಿಲ್ಲ. ಬಡವರ ಮನೆ ಎಲ್ಲಿದೆ ಅಂತ ಮೇಲಿಂದಾನೇ ಗೊತ್ತಾಗತ್ತೆ." ನಾನು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ದೇವರು ಮೇಲಿಂದ ನೋಡುತ್ತಾನೆ ಎಂದು ಮಕ್ಕಳಿಗೆ ಹೇಳುತ್ತಾ ಬಂದವಳು, ಆತನಿಗೆ ಏನು ಕಾಣುತ್ತದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಅಲ್ಲಿಂದ ಊರಂಚಿನ ಒಂದು ಬಡವರ ಕೇರಿಗೆ ಕರೆದುಕೊಂಡು ಹೋದರು. ಹನ್ನೊಂದೂವರೆ, ನೆತ್ತಿ ಸುಡುತ್ತಿತ್ತು. ಅಲ್ಲಿನ ಹೆಂಗಸರು ತಗಡಿನ ಮೇಲೆ ಸುಣ್ಣ ಬಳಿಯುತ್ತಿದ್ದರು. ಗುರುರಾಜ ಮತ್ತು ಅವರ ಅಪಾರ್ಟ್‌ಮೆಂಟಿನ ಕೆಲವರು ರಜೆಯ ದಿನಗಳಲ್ಲಿ ಬಂದು ಕೈಜೋಡಿಸುತ್ತಾರಂತೆ. ಸುಣ್ಣ ಬಳಿಯದ ಮನೆಯೊಳಗೆ ಹೊಕ್ಕೆ, ಒಲೆಯ ಬಾಯಿಗೆ ಮುಖ ಕೊಟ್ಟಂತಾಯಿತು. ಬಳಿದ ಮನೆಯೊಳಗೆ ಹೊಕ್ಕರೆ ಒಂದು ಹಸುಗೂಸು ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿತ್ತು. ತಾಯಿ ಬಾಯಿಗೆ ಬೆರಳಿಟ್ಟು ಸುಮ್ಮನಿರಿ ಎಂದು ಸನ್ನೆ ಮಾಡಿದಳು. ಒಂದು ಬಕೆಟ್ ಸುಣ್ಣಕ್ಕೆ ಇಷ್ಟು ಶಕ್ತಿಯೇ ಎಂದು ನಾನು ಹೊರಗೆ ಬಂದು ಆ ಬಿಳಿ ತಗಡನ್ನೇ ನೋಡುತ್ತ ನಿಂತೆ.

ವಾಪಸು ಬರುವಾಗ ಕಾರಿನಲ್ಲಿ ನಾನೇ ಬಾಯಿ ಬಿಟ್ಟೆ. ನಮ್ಮ ಮನೆಯವರ ಕಥೆ, ಪ್ರಭಾಕರನ ಕಥೆ, ಐದನೆಯ ಬೇಡಿಕೆ, ಎಲ್ಲ. ಗುರುರಾಜ ಉಪದೇಶ ಮಾಡಲಿಲ್ಲ. "ಆ ಪ್ರಭಾಕರ್ ಈಗೆಲ್ಲಿದಾರೆ?" ಎಂದಷ್ಟೇ ಕೇಳಿದರು. ನನಗೆ ಗೊತ್ತಿರಲಿಲ್ಲ. ಮನೆಗೆ ಬಂದು ಕೇಳಿದರೆ ಡೇವಿಡ್‌ಗೆ ಗೊತ್ತಿತ್ತು. "ಮಕರಪುರದಾಗ ಅದಾರ್ರಿ, ಒಂದು ಸಣ್ಣ ಶೆಡ್ಡಿನ್ಯಾಗ ಪ್ಯಾನೆಲ್ ಮಾಡೋ ಕೆಲಸ. ಮದುವಿ ಆಗಿಲ್ಲ. ಪ್ರಾರ್ಥನಾಕ್ಕ ಕರದ್ರ ಬರೂದಿಲ್ಲ" ಎಂದರು.

ಬುಧವಾರದ ನನ್ನ ಊರಿನ ಟಿಕೆಟ್ಟು ರದ್ದು ಮಾಡಿಸಿದೆ. ಸಂಜೆ ವಡೋದರಾದ ಕೂಟಕ್ಕೂ ಬಂದು ಮಾತಾಡುತ್ತೇನೆ ಎಂದು ಕರುಣಾಗೆ ಫೋನಿನಲ್ಲಿ ತಿಳಿಸಿದೆ. ಮಗಳು ಫೋನಿನಲ್ಲಿ "ಯಾಕವ್ವಾ, ಆರಾಮ ಅದಿಯಿಲ್ಲ?" ಎಂದು ಗಾಬರಿಯಾದಳು. ಕ್ಷಮಿಸಲು ಹೊರಟೆ ಎಂದು ದೊಡ್ಡ ಮಾತು ಹೇಳಲಾರೆ. ಹೋಗಿ ಮುಖಾಮುಖಿ ಬೈದಾದರೂ ಬರೋಣ, ಎದೆಯ ಭಾರ ಇಳಿದೀತು ಎಂದು ಹೊರಟೆ. ಎಕ್ಸ್‌ಪ್ರೆಸ್ ಹೈವೇಯಲ್ಲಿ ಬಸ್ಸಿಗೆ ಎರಡು ಗಂಟೆಯ ದಾರಿ. ಬೈಗುಳಗಳನ್ನು ಒಂದರ ಹಿಂದೆ ಒಂದು ಜೋಡಿಸುತ್ತ ಕೂತೆ. ಒಳ್ಳೊಳ್ಳೆಯವು ನೆನಪಾದವು.

ವಡೋದರಾ ಬೆಳೆದಿದೆ. ನಾವು ತರಕಾರಿ ಕೊಳ್ಳುತ್ತಿದ್ದ ಕಡೆ ಮೇಲ್ಸೇತುವೆ ಬಂದಿದೆ. ಬಸ್ ನಿಲ್ದಾಣದ ಹತ್ತಿರ ಒಂದು ಪ್ಲೇಟ್ ಸೇವ್ ಉಸಳ್ ತಿಂದೆ, ಆ ಖಾರ ಮಾತ್ರ ಹಾಗೇ ಇದೆ. ಮಕರಪುರದ ಕೈಗಾರಿಕಾ ವಸಾಹತಿಗೆ ಆಟೋದವನು ನೂರೈವತ್ತು ತೆಗೆದುಕೊಂಡು, ಶೆಡ್ ನಂಬರ್ ಗೊತ್ತಾಗದೆ ಒಂದು ಅಡ್ಡರಸ್ತೆಯಲ್ಲಿ ಇಳಿಸಿ ಹೋದ. ಆಗ ಮಧ್ಯಾಹ್ನ ಒಂದೂವರೆ. ಊಟದ ಬಿಡುವಾದ್ದರಿಂದ ಯಂತ್ರಗಳೆಲ್ಲ ಬಂದ್ ಆಗಿ, ರಸ್ತೆ ಮೌನವಾಗಿತ್ತು. ಎರಡೂ ಕಡೆ ತಗಡಿನ ಶೆಡ್ಡುಗಳು, ಬೇವಿನ ಮರದ ಕೆಳಗೆ ಡಬ್ಬಿ ತೊಳೆಯುತ್ತಿದ್ದ ಕಾರ್ಮಿಕರು.

ಆಗ ಎಡಗಡೆಯ ಒಂದು ಶೆಡ್ಡಿನೊಳಗಿಂದ ಯಾರೋ ಗಟ್ಟಿಯಾಗಿ ಕೂಗಿದರು: "ಸಾಮುಭಾಈ!"

ಒಳಗಿದ್ದ ಹತ್ತಾರು ಜನ ಒಂದೇ ಸಲಕ್ಕೆ ಉತ್ತರ ಕೊಟ್ಟರು: "ಬಹಾರ್ ಛೇ!" ಹೊರಗಿದ್ದಾರೆ ಎಂದು. ಮೋಟಾರುಗಳು ಗುಂಯ್ ಎಂದು ಶುರುವಾದವು.

ನಮ್ಮ ಮನೆಯವರ ಹೆಸರು ಸಾಮುವೇಲ. ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಸಾಮುಭಾಈ ಎನ್ನುತ್ತಿದ್ದರು. ಯಾರೋ ಬೇರೆ ಸಾಮು ಇರಬೇಕು ಎಂದುಕೊಳ್ಳುವಷ್ಟರಲ್ಲಿ ಎದುರಿನ ಶೆಡ್ಡಿನಿಂದ ಅದೇ ಕೂಗು, "ಸಾಮುಭಾಈ!" ಅದೇ ಉತ್ತರ. ಆಮೇಲೆ ರಸ್ತೆಯ ಕೊನೆಯಿಂದ, ಇನ್ನೂ ಆಚೆಯಿಂದ. ಒಂದೊಂದು ಕೂಗಿನ ಹಿಂದೆ ಒಂದೊಂದು ಶೆಡ್ಡು ಚಾಲೂ ಆಗುತ್ತಿತ್ತು. ದೇವರೇ, ಅದನ್ನು ಹೇಗೆ ಬರೆಯಲಿ? ಬೇವಿನ ಮರ ಹಿಡಿದುಕೊಂಡು ನಿಂತೆ.

ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ ನಡುವಯಸ್ಸಿನ ಕಾರ್ಮಿಕನೊಬ್ಬ ನೀರು ತಂದುಕೊಟ್ಟ. ಯಾರಪ್ಪ ಈ ಸಾಮುಭಾಈ ಎಂದು ಹಿಂದಿಯಲ್ಲಿ ಕೇಳಿದೆ. "ಪತಾ ನಹೀ ಮಾಜೀ. ಕೋಈ ಪುರಾನೇ ಉಸ್ತಾದ್ ಥೇ" ಎಂದ. ಯಾರೋ ಹಳೆಯ ಗುರುಗಳಂತೆ. ಅವರು ಹೊರಗಿದ್ದಾರೆ ಎಂದು ಎಲ್ಲರೂ ಹೇಳುವವರೆಗೆ ಸ್ವಿಚ್ ಹಾಕುವಂತಿಲ್ಲ. ಹಾಗೆ ಹೇಳುವ ಮೊದಲು ಪ್ರತಿಯೊಬ್ಬನೂ ತನ್ನ ಎಡಬಲದವನ ಮುಖವನ್ನು ಕಣ್ಣಾರೆ ನೋಡಿರಬೇಕು. ಯಾರದಾದರೂ ಮುಖ ಕಾಣದಿದ್ದರೆ ಎಲ್ಲರೂ ಸುಮ್ಮನಿರುತ್ತಾರೆ. ಆಗ ಹುಡುಕುತ್ತಾರೆ. "ಎರಡು ವರ್ಷದ ಹಿಂದೆ ನಾನೇ ಒಳಗಿದ್ದೆ ಮಾಜೀ, ಯಾರೂ ಉತ್ತರ ಕೊಡಲಿಲ್ಲ, ಉಳಿದುಕೊಂಡೆ" ಎಂದು ಅವನು ತನ್ನ ಎದೆ ಮುಟ್ಟಿ ತೋರಿಸಿದ. ಈ ರೂಢಿ ಯಾರು ಹಾಕಿದ್ದು ಎಂದೆ. ಪ್ರಭುಭಾಈ ಎಂದ. ಅವರ ಕೈಕೆಳಗೆ ಕೆಲಸ ಕಲಿತವರು ಬೇರೆ ಬೇರೆ ಶೆಡ್ಡಿಗೆ ಹೋದಾಗ ಇದನ್ನೂ ಒಯ್ದರಂತೆ. ಅವನೇ ನನ್ನನ್ನು ಪ್ರಭುಭಾಈಯ ಶೆಡ್ಡಿಗೆ ಮುಟ್ಟಿಸಿದ.

ಅಲ್ಲಿ ಇನ್ನೂ ಲೈನ್ ಚಾಲೂ ಆಗಿರಲಿಲ್ಲ. ಹನ್ನೆರಡು ಜನ ತಮ್ಮ ತಮ್ಮ ಜಾಗದಲ್ಲಿ ನಿಂತಿದ್ದರು. ಮೇನ್ ಸ್ವಿಚ್ಚಿನ ಹತ್ತಿರ ಕನ್ನಡಕ ಹಾಕಿದ, ಕೂದಲು ನೆರೆತ ಒಬ್ಬ ಸಣಕಲು ಮನುಷ್ಯ. ನಲವತ್ತೈದಕ್ಕೇ ಮುದುಕನಾಗಿದ್ದಾನೆ ಪ್ರಭಾಕರ. ಕೂಗಲು ಬಾಯಿ ತೆರೆದವನು ಬಾಗಿಲಲ್ಲಿ ನನ್ನನ್ನು ಕಂಡ. ಬಾಯಿ ತೆರೆದೇ ಉಳಿಯಿತು, ಸ್ವರ ಬರಲಿಲ್ಲ. ಹನ್ನೆರಡು ಜನ ಕಾದರು. "ಪ್ರಭುಭಾಈ, ಬೋಲೋ ನೇ" ಎಂದು ಒಬ್ಬ ಕೂಗಲು ಅವಸರಪಡಿಸಿದ. ಅವನಿಂದ ಆಗಲಿಲ್ಲ. ಕೈ ಸ್ವಿಚ್ಚಿನಿಂದ ಕೆಳಗಿಳಿಸಿದ.

ನಮ್ಮ ಓಣಿಯ ಹೆಂಗಸರು, ಕ್ರೈಸ್ತರಿರಲಿ ಲಿಂಗಾಯತರಿರಲಿ, ಗಂಡನ ಹೆಸರು ಹಿಡಿದು ಕರೆಯುವುದಿಲ್ಲ. ಇಪ್ಪತ್ತು ವರ್ಷದ ಸಂಸಾರದಲ್ಲಿ ನಾನು ಒಂದು ದಿನವೂ ಕರೆದಿರಲಿಲ್ಲ, ಅವರು ಹೋದ ಮೇಲೆ ಕರೆಯುವ ಪ್ರಶ್ನೆಯೇ ಇಲ್ಲ. ಬೈಗುಳವೆಲ್ಲ ಎಲ್ಲಿ ಹೋದವೋ. ಹೈಸ್ಕೂಲಿನ ಮೈದಾನಕ್ಕೆ ಕೇಳಿಸುತ್ತಿದ್ದ ನನ್ನ ದನಿ ಎತ್ತಿ ನಾನೇ ಕೂಗಿದೆ: "ಸಾಮುಭಾಈ!"

ಹನ್ನೆರಡೂ ಜನ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. "ಬಹಾರ್ ಛೇ!" ಎಂದರು.

ಹೊರಗಿದ್ದಾರೆ. ನಮ್ಮವರು ಹೊರಗಿದ್ದಾರೆ. ಅವತ್ತು ಕೇಳಬೇಕಾಗಿದ್ದ ಮಾತನ್ನು ನಾನು ಹತ್ತೊಂಬತ್ತು ವರ್ಷ ತಡವಾಗಿ ಕೇಳಿದೆ, ಹನ್ನೆರಡು ಅಪರಿಚಿತರ ಬಾಯಿಂದ. ಪ್ರಭಾಕರ ಸ್ವಿಚ್ ಹಾಕಿದ. ಆಮೇಲೆ ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದು ಕೂತ. ನಾನೂ ಕೂತೆ.

"ಅಕ್ಕಾ," ಎಂದ. "ಅವತ್ತ ಒಂದ ಸಲಾ ಕೂಗಿದ್ರ ಸಾಕಿತ್ತು. ಒಂದ ಸಲಾ. ಅದಕ್ಕ ದಿನಾ ಕೂಗ್ತೇನಿ."

"ಯಾರಂತ ಈ ಮಂದೀಗೆ ಯಾಕ ಹೇಳಿಲ್ಲ?"

"ಹೇಳಿದ್ರ ಅದು ನನ್ನ ಕಥಿ ಆಕ್ಕೈತಿ. ಪ್ರಭಾಕರ ಎಷ್ಟು ಅತ್ತಾ, ಎಷ್ಟು ಪಶ್ಚಾತ್ತಾಪ ಪಟ್ಟಾ ಅಂತ. ಅಣ್ಣನ ಹೆಸರು ಅಷ್ಟ ಇರ್ಲಿ ಅಂದ್ಕೊಂಡೆ."

ಏನೋ ಹೇಳಬೇಕೆಂದು ಬಾಯಿ ತೆರೆದರೆ ಬಂದದ್ದು, "ಊಟಾ ಮಾಡಿಯೇನು?" ಎಂಬ ಮಾತು. ಇಲ್ಲ ಎಂದು ತಲೆಯಾಡಿಸಿದ. ಚೀಲದಲ್ಲಿ ಇನ್ನೂ ಆರು ರೊಟ್ಟಿ ಉಳಿದಿದ್ದವು. ಇಬ್ಬರೂ ಅಲ್ಲೇ ಮೆಟ್ಟಿಲ ಮೇಲೆ ಚಟ್ನಿ ಹಚ್ಚಿಕೊಂಡು ತಿಂದೆವು. ಏಳುವಾಗ "ಸಂಜಿ ಆರಕ್ಕ ಫತೇಗಂಜ್‌ನ್ಯಾಗ ಪ್ರಾರ್ಥನಾ ಐತಿ, ನಾ ಮಾತಾಡಾಕಿ" ಎಂದೆ. "ನಾ ಅಲ್ಲಿಗೆ ಹೋಗೂದು ಬಿಟ್ಟೇನಕ್ಕಾ" ಎಂದ. "ಗೊತ್ತೈತಿ" ಎಂದು ಹೊರಟೆ.

ಫತೇಗಂಜ್‌ನ ಆ ಕೋಣೆ ಬದಲಾಗಿಲ್ಲ. ಹೊರಗೆ ಕಾಲೇಜು ಹುಡುಗರ ಗಲಾಟೆ, ಒಳಗೆ ಅದೇ ಜಮಖಾನೆ. ವರ್ಗಾವಣೆಯ ಜನ, ಹಳಬರು ಇಬ್ಬರೇ ಉಳಿದಿದ್ದರು. ಗೋಡೆಯ ಬದಿಗೆ ಕಿಟಕಿಯಿದೆ, ಅದರ ಕೆಳಗೆ ನಮ್ಮವರು ಕೂರುತ್ತಿದ್ದರು. ಅಲ್ಲಿ ಬಿಸಿಲು ಬೀಳುವುದರಿಂದ ಯಾರೂ ಕೂತಿರಲಿಲ್ಲ.

ಆವತ್ತು ನಾನು ಕಾಗದ ತೆಗೆಯದೆ ಮಾತಾಡಿದೆ. ಒಂದು ಸ್ವಿಚ್ಚಿನ ಕಥೆ ಹೇಳಿದೆ. ಒಳಗೆ ಯಾರೂ ಇಲ್ಲ ಎಂದುಕೊಂಡು ಸ್ವಿಚ್ ಹಾಕುವುದು ಒಬ್ಬ ಪ್ರಭಾಕರನ ತಪ್ಪಲ್ಲ ಎಂದೆ. ಎಲ್ಲೋ ಕೂತು ಬಾಂಬು ಹಾಕುವವನು ಕೆಳಗಿನ ಮನೆಯವರನ್ನು ಕೂಗಿ ನೋಡುವುದಿಲ್ಲ. ಹೊಳೆಗೆ ವಿಷ ಬಿಡುವವನೂ ಕೂಗುವುದಿಲ್ಲ. ನಾವು ತಂಪು ಕೋಣೆಯಲ್ಲಿ ಕೂತಾಗ ತಗಡಿನ ಕೆಳಗೆ ಯಾರಿದ್ದಾರೆ ಎಂದು ನಾನಾದರೂ ಯಾವತ್ತು ಕೂಗಿದ್ದೆ? ಹೊಸ್ತಿಲಲ್ಲಿ ಅಳುತ್ತಿದ್ದ ಇಪ್ಪತ್ತಾರರ ಹುಡುಗನ ಮೇಲೆ ಬಾಗಿಲು ಹಾಕಿಕೊಂಡವಳು ನಾನು, ಅವನು ಬದುಕಿದ್ದಾನೋ ಸತ್ತನೋ ಎಂದು ಒಂದು ಸಲವೂ ವಿಚಾರಿಸಲಿಲ್ಲ. ನನ್ನ ತಪ್ಪನ್ನೂ ಕ್ಷಮಿಸು ಎಂದು ನಾನು ಯಾಕೆ ಕೇಳಬೇಕು ಎಂಬುದು ನನಗೆ ಅರವತ್ಮೂರನೆಯ ವಯಸ್ಸಿನಲ್ಲಿ ತಿಳಿಯಿತು ಎಂದೆ. ಮಾತು ಹದಿನೈದು ನಿಮಿಷಕ್ಕೆ ಮುಗಿಯಿತು.

ಪ್ರಾರ್ಥನೆಗೆ ಎಲ್ಲರೂ ಎದ್ದಾಗ ಬಾಗಿಲ ಹೊರಗೆ, ಚಪ್ಪಲಿಗಳ ನಡುವೆ, ಪ್ರಭಾಕರ ನಿಂತಿದ್ದನ್ನು ಕಂಡೆ. ಯಾವಾಗ ಬಂದನೋ. ಐದನೆಯ ಬೇಡಿಕೆ ಬಂತು. ನಾನು ಅದನ್ನು ಗಟ್ಟಿಯಾಗಿ ಹೇಳಿದೆ, ಪೂರ್ತಿ ಹೇಳಿದೆ. ಅವನ ತುಟಿ ಮಾತ್ರ ಅಲ್ಲಾಡಲಿಲ್ಲ.

ಆಮೆನ್ ಆದ ಮೇಲೆ ಜನ ಚಹಾದ ಕಡೆ ತಿರುಗಿದರು. ನಾನು ಹೊರಗೆ ಹೋದೆ.

"ಪ್ರಭಾಕರಾ, ನಾ ನಿನ್ನ ಕ್ಷಮಿಸೇನಿ," ಎಂದೆ. "ನೀನೂ ನನ್ನ ಕ್ಷಮಿಸು. ಬಾಗಲಾ ಹಾಕ್ಕೊಂಡಿದ್ದಕ್ಕ."

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಸಣ್ಣ ದನಿಯಲ್ಲಿ, "ಅಕ್ಕಾ, ಮುಂದಿನ ಬುಧವಾರ ನಾ ಇಲ್ಲಿಗೆ ಬರಬಹುದಾ?" ಎಂದು ಕೇಳಿದ.

"ಮುಂದಿನ ಬುಧವಾರ ಯಾಕ? ಅಕೋ, ಆ ಕಿಟಕಿ ಕೆಳಗ ಅವರು ಕೂಡೂ ಜಾಗಾ. ಖಾಲಿ ಐತಿ. ಹೋಗಿ ಕೂಡು."

ಅವನು ಚಪ್ಪಲಿ ಕಳಚಿದ. ನನ್ನನ್ನು ಸ್ಟೇಷನ್ನಿಗೆ ಒಯ್ಯುವ ಆಟೋ ಬಂದು ಹಾರ್ನ್ ಹೊಡೆಯುತ್ತಿತ್ತು. ಹತ್ತುವ ಮೊದಲು ಒಮ್ಮೆ ತಿರುಗಿ ನೋಡಿದೆ. ಪ್ರಭಾಕರ ಕಿಟಕಿಯ ಕೆಳಗೆ, ನಮ್ಮವರ ಜಾಗದಲ್ಲಿ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಯಾರೋ ಅವನ ಕೈಗೆ ಚಹಾ ಕೊಡುತ್ತಿದ್ದರು.